ಒಂದು ಮನೆಯ ಇಬ್ಬರು, ಒಂದು ಲಾರಿ

ಜನವರಿ ೯

ಅಕ್ಕಾ,

ಬಂದು ಸೇರಿದ್ದೇನೆ, ಮೈಕೈ ಎಲ್ಲ ನೆಟ್ಟಗಿದೆ. ಮೊದಲು ಇಷ್ಟು ಓದಿಕೊಂಡು ಒಂದು ಲೋಟ ನೀರು ಕುಡಿ. ಆಮೇಲೆ ಮುಂದಕ್ಕೆ ಓದು.

ಈ ಊರಲ್ಲಿ ಮನುಷ್ಯರಿಗಿಂತ ಲಾರಿಗಳೇ ಹೆಚ್ಚು. ರಸ್ತೆಯ ಎರಡೂ ಕಡೆ ಟ್ರಾನ್ಸ್‌ಪೋರ್ಟ್ ಆಫೀಸುಗಳು, ಒಂದೊಂದರ ಹಿಂದೆ ಒಂದೊಂದು ಯಾರ್ಡು. ಟೈರ್ ಅಂಗಡಿಯೊಂದರ ಮೇಲೆ ಕೋಣೆ ಸಿಕ್ಕಿದೆ. ಕೋಣೆ ಎಂದರೆ ಏನು ಮಹಾ, ಕಾಲು ಚಾಚಿದರೆ ಬಾಗಿಲು, ಕೈ ಚಾಚಿದರೆ ಕಿಟಕಿ. ಕೆಳಗೆ ದಿನವಿಡೀ ಟೈರು ಬಡಿಯುವ ಸದ್ದು. ಅಂಗಡಿಯವರು ಒಳ್ಳೆಯ ಮನುಷ್ಯ. ನಾನು ಬೇಕರಿಯ ವ್ಯಾನು ಓಡಿಸುತ್ತಿದ್ದೆ, ಬೇಕರಿ ಮುಚ್ಚಿತು ಎಂದು ಹೇಳಿದ್ದೇ ತಡ, ನನಗೆ 'ಬೇಕರಿ' ಎಂದೇ ಹೆಸರಿಟ್ಟುಬಿಟ್ಟರು. ಕಾಗದವನ್ನು ಅಂಗಡಿಯ ವಿಳಾಸಕ್ಕೇ ಬರೆ. ಬಂದದ್ದನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಇಡುತ್ತಾರಂತೆ.

ಕೆಲಸದ ಮಾತು ಕೇಳಬೇಡ. ದಿನವೂ ಯಾರ್ಡಿನಿಂದ ಯಾರ್ಡಿಗೆ ಅಲೆದು ಚಪ್ಪಲಿ ಸವೆದದ್ದೇ ಬಂತು. ಎಲ್ಲ ಕಡೆ ಒಂದೇ ಹಾಡು.

"ಲೈಸೆನ್ಸು?"

"ಹೆವಿ ಇದೆ ಸಾರ್. ಹೊಸದು. ಆದ್ರೆ ವ್ಯಾನು ಆರು ವರ್ಷ ಓಡ್ಸಿದ್ದೀನಿ."

"ವ್ಯಾನಲ್ಲಿ ಏನು ಸಾಗಿಸ್ತಿದ್ದೆ?"

"ಬ್ರೆಡ್ಡು ಸಾರ್."

ಅಲ್ಲಿಗೆ ಆಫೀಸಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಒಬ್ಬ ಮ್ಯಾನೇಜರಂತೂ, "ಬ್ರೇಕ್ ಹಾಕಿದ್ರೆ ಬ್ರೆಡ್ಡು ನಿಲ್ಲುತ್ತೆ ಕಣಯ್ಯ, ಸಿಮೆಂಟು ನಿಲ್ಲಲ್ಲ. ಎರಡು ವರ್ಷ ಅನುಭವ ತಗೊಂಡು ಬಾ" ಎಂದ. ಯಾರೂ ಕೆಲಸ ಕೊಡದಿದ್ದರೆ ಅನುಭವವನ್ನು ನಾನು ಎಲ್ಲಿಂದ ತರಲಿ, ಸಂತೆಯಿಂದಲೇ?

ಒಂದು ದಾರಿ ಇದೆ. ಭಾವ ಲಾರಿ ಓಡಿಸುವ ಕಂಪನಿಯ ಆಫೀಸಿಗೂ ಹೋಗಿದ್ದೆ. ಅವರು ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಅವರದೇ ಹಳೆಯ ಡ್ರೈವರ್ ಒಬ್ಬರು "ಇವನು ನನ್ನ ಹೊಣೆ" ಎಂದು ಹೇಳಿ ತಮ್ಮ ಎರಡನೇ ಸೀಟಿನಲ್ಲಿ ಕೂರಿಸಿಕೊಂಡರೆ ಆರು ತಿಂಗಳಲ್ಲಿ ಕೈಗೆ ಲಾರಿ ಕೊಡುತ್ತಾರಂತೆ. ಗಾಡಿಗಳು ಗಟ್ಟಿ, ವಿಶ್ರಾಂತಿ ಕಡ್ಡಾಯ. ಭಾವ ಮನೆಗೆ ಬಂದಾಗ ಒಂದು ಮಾತು ಕೇಳುತ್ತೀಯಾ? ಅವರು ಯಾವಾಗ ಯಾವ ಊರಲ್ಲಿರುತ್ತಾರೋ ನನಗೆ ತಿಳಿಯದು.

ಅಮ್ಮನ ಕಟ್ಟು ನನಗೆ ಮರೆತಿಲ್ಲ. ಅಪ್ಪ, ದೊಡ್ಡಣ್ಣ ಒಂದೇ ಲಾರಿಯಲ್ಲಿ ಹೋಗಿ ಹಿಂದಿರುಗದ ಮೇಲೆ ಈ ಮನೆಯ ಇಬ್ಬರು ಒಂದು ಗಾಡಿ ಹತ್ತಬಾರದು ಎಂದು ಅವಳು ಹೇಳಿದ್ದು. ಆದರೆ ಇದು ಹೊಟ್ಟೆಪಾಡಿನ ಮಾತು. ಅಮ್ಮನಿದ್ದಿದ್ದರೆ ಅವಳೂ ಒಪ್ಪುತ್ತಿದ್ದಳೇನೋ.

ನಿಜ ಹೇಳಲೇ? ಆ ಲಾರಿಗಳ ಪಕ್ಕದಲ್ಲಿ ನಿಂತರೆ ಚಕ್ರವೇ ನನ್ನ ಎದೆಯವರೆಗೆ ಬರುತ್ತದೆ. ನನಗೇ ತಿಳಿಯದೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಆದರೆ ಓಡಿಸುವುದೊಂದು ಬಿಟ್ಟು ನನಗೆ ಬೇರೇನೂ ಬಾರದು.

ನಿನ್ನ ತಮ್ಮ

*

ಜನವರಿ ೧೭

ಪೆದ್ದ ತಮ್ಮನಿಗೆ,

ನಿನ್ನ ಕಾಗದ ಬಂತು. ನೀರು ಕುಡಿದೇ ಓದಿದೆ.

ನಿನ್ನ ಭಾವ ಹೋದ ಭಾನುವಾರ ಬಂದಿದ್ದರು. ಊಟಕ್ಕೆ ಕೂತಾಗ ನಿನ್ನ ವಿಷಯ ತೆಗೆದೆ. ಪಾಪ, ಅವರು ಬಹಳ ಯೋಚನೆ ಮಾಡಿದರು. ಅವರ ಲಾರಿಯಲ್ಲಿ ಎರಡನೇ ಸೀಟಿನವನು ಆಗಲೇ ಒಬ್ಬನಿದ್ದಾನಂತೆ, ಯಾರೋ ಮ್ಯಾನೇಜರ ಕಡೆಯವನು. ಅವನನ್ನು ಇಳಿಸುವ ಹಾಗಿಲ್ಲ. ಇಳಿಸಿದರೂ ಸಂಬಂಧಿಕರನ್ನು ಕೂರಿಸಬಾರದು ಎಂದು ಈಚೆಗೆ ಒಂದು ನಿಯಮ ಬಂದಿದೆಯಂತೆ. ಬಂದಿರದಿದ್ದರೂ ಈ ವರ್ಷ ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದಾರಂತೆ. ಬೇರೆ ಡ್ರೈವರುಗಳನ್ನಾದರೂ ಕೇಳಿ ನೋಡಿ ಎಂದೆ. ಅವರಲ್ಲಿ ಒಬ್ಬರಿಗೆ ಬೆನ್ನುನೋವು, ಇನ್ನೊಬ್ಬರು ರಜೆಯಲ್ಲಿದ್ದಾರೆ, ಮತ್ತೊಬ್ಬರಿಗೆ ಮಾತೇ ಆಗುವುದಿಲ್ಲವಂತೆ. "ನಿನ್ ತಮ್ಮಂಗೆ ಬೇಜಾರ್ ಮಾಡ್ಕೋಬೇಡ ಅನ್ನು" ಎಂದರು. ಇನ್ನು ನೀನು ಆ ಆಫೀಸಿನ ಮೆಟ್ಟಿಲು ಹತ್ತಬೇಡ. ನಿನ್ನ ಭಾವನನ್ನು ನೇರವಾಗಿ ಕೇಳಲೂ ಹೋಗಬೇಡ, ಅವರಿಗೆ ಮುಜುಗರ.

ನಾನು ಹೇಳುವುದು ಕೇಳು. ನಮ್ಮ ಆಸ್ಪತ್ರೆಯ ಲಾಂಡ್ರಿಗೆ ವ್ಯಾನು ಓಡಿಸುವವನು ಬೇಕಾಗಿದ್ದಾನೆ. ಬೆಳಿಗ್ಗೆ ಕೊಳೆ ಹಾಸಿಗೆವಸ್ತ್ರ ತರುವುದು, ಸಂಜೆ ಒಗೆದದ್ದು ಮುಟ್ಟಿಸುವುದು. ಬ್ರೆಡ್ಡಿನ ಹಾಗೆ ಹಗುರ. ರಾತ್ರಿ ಮನೆಗೆ ಬಂದು ಬಿಸಿಬಿಸಿ ಉಣ್ಣಬಹುದು. ಬಂದುಬಿಡು.

ಅಮ್ಮನ ಕಟ್ಟಿನ ಮಾತು ನೀನೇ ಎತ್ತಿದೆ. ನನ್ನ ಮದುವೆಯ ದಿನ ನೆನಪಿದೆಯಾ? ನಾನೊಂದು ಬಸ್ಸು, ನೀನೊಂದು ಬಸ್ಸು, ಅಮ್ಮ ಮೂರನೆಯದು. ನಿನ್ನ ಬಸ್ಸು ಕೆಟ್ಟು ನಿಂತು, ಊಟವೆಲ್ಲ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಬಂದೆ. ಗಂಡಿನ ಕಡೆಯವರು ನಮ್ಮನ್ನು ಹುಚ್ಚರ ಮನೆಯವರು ಎಂದುಕೊಂಡರು. ಈಗ ನೆನೆದರೆ ನಗು ಬರುತ್ತದೆ.

ಲಾಂಡ್ರಿಯ ಮೇಲ್ವಿಚಾರಕರಿಗೆ ಏನು ಹೇಳಲಿ? ಬೇಗ ತಿಳಿಸು.

ನಿನ್ನ ಅಕ್ಕ

*

ಫೆಬ್ರವರಿ ೨

ಅಕ್ಕಾ,

ಲಾಂಡ್ರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳು. ನನಗೆ ಕೆಲಸ ಸಿಕ್ಕಿತು! ಲಾಂಗ್ ರೂಟು, ದೊಡ್ಡ ಲಾರಿ, ಎರಡನೇ ಸೀಟು.

ಅವರ ಹೆಸರು ಇಲ್ಲಿ ಯಾರಿಗೂ ಬೇಕಿಲ್ಲ, ಎಲ್ಲರೂ 'ಗಡಿಯಾರ' ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಅವರ ಲೋಡು ಒಂದು ಸಲವೂ ತಡವಾಗಿಲ್ಲವಂತೆ. ಸ್ವಂತ ಲಾರಿ, ಯಾವ ಕಂಪನಿಗೂ ಸೇರಿದವರಲ್ಲ. ವಯಸ್ಸು ಅರವತ್ತರ ಹತ್ತಿರ. ಟೈರ್ ಅಂಗಡಿಯಲ್ಲಿ ಕೂತಿದ್ದವರು ನನ್ನ ಕಡೆ ತಿರುಗಿ, "ಕೆಲಸ ಹುಡುಕ್ತಿರೋ ಬೇಕರಿ ನೀನೇನಾ?" ಎಂದರು. ಅನುಭವ ಇಲ್ಲ ಎಂದು ನಾನೇ ಮೊದಲು ಹೇಳಿಬಿಟ್ಟೆ. ನಗಿಸಿಕೊಂಡು ಸಾಕಾಗಿತ್ತು.

"ಅನುಭವ ಯಾವನಿಗೆ ಬೇಕು? ಹಳಬರು ಬಂದ್ರೆ ನಂಗೇ ಪಾಠ ಹೇಳ್ತಾರೆ. ಆ ತುದೀಲಿ ನಿಂತಿರೋ ಲಾರಿ ನಂಬರ್ ಓದು" ಎಂದರು.

ಓದಿದೆ.

"ಅದರ ಹಿಂದಿನ ಗೋಡೆ ಮೇಲೆ?"

"ಟ್ರಾನ್ಸ್‌ಪೋರ್ಟ್ ಹೆಸರು. ಕೆಂಪಕ್ಷರ."

"ಕೆಳಗೆ ಸಣ್ಣದಾಗಿ?"

"ಇಲ್ಲಿ ಮೂತ್ರ ಮಾಡಬಾರದು ಅಂತಿದೆ."

"ಸಾಕು. ನಾಳೆ ಬೆಳಿಗ್ಗೆ ಬಾ" ಎಂದರು. ಅಷ್ಟೇ ನನ್ನ ಪರೀಕ್ಷೆ! ಊರಿಗೆ ಊರೇ ತಿರುಗಿಸಿ ಕಳಿಸಿದವನಿಗೆ ಕೆಲಸ ಕೊಡಿಸಿದ್ದು ಆ ಬರಹ.

ಒಂದು ಟ್ರಿಪ್ಪು ಮುಗಿಸಿ ಬಂದು ಈ ಕಾಗದ ಬರೆಯುತ್ತಿದ್ದೇನೆ. ಅವರ ಕ್ರಮವೇ ಬೇರೆ. ಎರಡನೇ ಸೀಟಿನವನು ಸುಮ್ಮನೆ ಕೂರುವಂತಿಲ್ಲ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಇರಬೇಕು. "ಮುಂದೆ ಸೈಕಲ್ಲು. ಎಡಕ್ಕೆ ತಿರುವು. ದೀಪ ಕೆಂಪು. ಬಸ್ಸು ನಿಂತಿದೆ." ಕ್ಷಣ ಸುಮ್ಮನಾದರೂ "ಹೇಳ್ತಾ ಇರು, ಹೇಳ್ತಾ ಇರು" ಎಂದು ಮೊಣಕೈಯಿಂದ ತಿವಿಯುತ್ತಾರೆ. "ನೋಡೋದು ಕಲ್ತ್ರೆ ಓಡ್ಸೋದು ತಾನಾಗೇ ಬರುತ್ತೆ" ಎನ್ನುತ್ತಾರೆ. ನನ್ನ ಗಂಟಲು ಕಟ್ಟಿಹೋಗಿದೆ. ಸ್ಟೇರಿಂಗ್ ಇನ್ನೂ ಮುಟ್ಟಗೊಟ್ಟಿಲ್ಲ, ಯಾರ್ಡಿನೊಳಗೆ ಖಾಲಿ ಗಾಡಿ ಹಿಂದಕ್ಕೆ ತೆಗೆಸಿದರು ಅಷ್ಟೆ.

ಮನುಷ್ಯ ಸ್ವಲ್ಪ ವಿಚಿತ್ರ. ಮಾತಾಡುವಾಗ ನಮ್ಮ ಮುಖ ನೋಡುವುದಿಲ್ಲ, ಕಿವಿಯ ಕಡೆ ನೋಡುತ್ತಾರೆ. ಗರ್ವ ಎಂದು ಮೊದಲು ಅನ್ನಿಸಿತು. ಆದರೆ ಬೈಗುಳವಿಲ್ಲ, ಕುಡಿತವಿಲ್ಲ. ಎಂಜಿನ್ನಿನ ಸದ್ದು ಎಳ್ಳಷ್ಟು ಬದಲಾದರೂ ತಲೆ ಎತ್ತುತ್ತಾರೆ.

ಭಾವನಿಗೆ ಬೇಜಾರಿಲ್ಲ ಎಂದು ತಿಳಿಸು.

ನಿನ್ನ ತಮ್ಮ

*

ಫೆಬ್ರವರಿ ೧೧

ತಮ್ಮಾ,

ಸಂತೋಷ. ಹಾಗೆಂದು ಬರೆದೆ, ಬರೆದು ಒಂದಿಷ್ಟು ಹೊತ್ತು ಪೆನ್ನು ಹಿಡಿದುಕೊಂಡು ಕೂತಿದ್ದೆ.

ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಕಣ್ಣು ಪರೀಕ್ಷೆ ಮಾಡುವ ಮನುಷ್ಯ ಜಾಗ್ರತೆಯವನೇ ಇರಬೇಕು. ಕಂಡದ್ದನ್ನೆಲ್ಲ ಹೇಳಿಸುವುದೂ ಒಳ್ಳೆಯದೇ, ನಿದ್ದೆ ಹತ್ತುವುದಿಲ್ಲ. ನಮ್ಮ ಅಪ್ಪನ ಪಕ್ಕದಲ್ಲಿ ಕೂತವನು ಹೀಗೆ ಹೇಳುತ್ತಿದ್ದಿದ್ದರೆ ಎಂದು ಯೋಚನೆ ಬಂತು. ಪಕ್ಕದಲ್ಲಿ ಕೂತವನು ದೊಡ್ಡಣ್ಣ. ಬೇಡ ಬಿಡು.

ಲಾಂಡ್ರಿಯಲ್ಲಿ ಕೈ ಒಂದು ಕಡೆ, ಮನಸ್ಸು ಒಂದು ಕಡೆ. ಗಾಯದ ವಾರ್ಡಿನ ಬಟ್ಟೆ ಬಂದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ. ಗಾಬರಿಗೊಳ್ಳುವವಳು ಎಂದು ನಗಬೇಡ, ನಾನು ಮೊದಲಿಂದ ಹೀಗೇ. ಪ್ರತಿ ಟ್ರಿಪ್ಪು ಮುಗಿದ ಮೇಲೆ ಒಂದು ಸಾಲಾದರೂ ಬರೆ. ಕಾರ್ಡಾದರೂ ಸರಿ.

ನಿನ್ನ ಭಾವ ಚೆನ್ನಾಗಿದ್ದಾರೆ. ನೀನು ಕೆಲಸಕ್ಕೆ ಸೇರಿದ್ದು ಕೇಳಿ ಅವರಿಗೂ ಖುಷಿಯೋ ಖುಷಿ.

ನಿನ್ನ ಅಕ್ಕ

*

ಫೆಬ್ರವರಿ ೨೬

ಅಕ್ಕಾ,

ಕಾರ್ಡಿನಲ್ಲಿ ಜಾಗ ಕಡಿಮೆ. ಎಲ್ಲ ಚೆನ್ನಾಗಿದೆ. ನಾಳೆ ದೂರದ ಲೋಡು, ಘಾಟಿ ಇಳಿದು ಬಂದರಿಗೆ ಹೋಗಬೇಕು.

ನಿಮ್ಮ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿದ್ದಾರಲ್ಲವೇ? ಒಂದು ಮಾತು ಕೇಳು. ಅಂಚೆಲ್ಲ ಕಂಡು ನಡು ಮಾತ್ರ ಕಾಣದಂಥ ಕಾಯಿಲೆ ಇದೆಯಾ? ಲೋಟ ಇಡಲು ಹೋದರೆ ಮೇಜಿನ ಆಚೆ ಇಟ್ಟುಬಿಡುವಂಥದ್ದು. ವಾಸಿಯಾಗುತ್ತದಾ? ಸುಮ್ಮನೆ ಕೇಳಿದೆ. ಗಾಬರಿಯಾಗಬೇಡ.

ತಮ್ಮ

*

ಮಾರ್ಚ್ ೬

ತಮ್ಮಾ,

ಗಾಬರಿಯಾಗಬೇಡ ಎಂದು ಬರೆಯುವವನಿಗೆ ಬುದ್ಧಿ ಇದೆಯೇನೋ! ನಿನ್ನ ಕಣ್ಣಿಗೆ ಏನಾಯಿತು? ಯಾವಾಗಿನಿಂದ? ಡಾಕ್ಟರನ್ನು ಕೇಳಿದೆ. ಅಂಥದ್ದು ಇದೆಯಂತೆ, ಹೋದ ನೋಟ ಮರಳಿ ಬರುವುದು ಕಷ್ಟವಂತೆ. ಆದರೆ ನಿನ್ನ ವಯಸ್ಸಿಗೆ ಬರುವುದು ಅಪರೂಪ, ಒಮ್ಮೆ ಕರೆದುಕೊಂಡು ಬನ್ನಿ ಎಂದರು. ಬ್ರೆಡ್ಡಿನ ಒಲೆಯ ಬಿಸಿಯಿಂದ ಆಯಿತೇ? ಆ ಗಡಿಯಾರದವರಿಗೆ ಹೇಳಿ ಇವತ್ತೇ ಇಳಿದು ಬಾ. ಕಣ್ಣಿದ್ದರೆ ತಾನೇ ಲಾರಿ. ನಾನು...

ಇದು ಸಂಜೆ ಬರೆಯುತ್ತಿರುವುದು. ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕಿಕೋ.

ನಾನು ಕಾಗದ ಬರೆಯುತ್ತ ಅಳುತ್ತ ಕೂತಿದ್ದಾಗ ನಿನ್ನ ಭಾವ ಬಂದುಬಿಟ್ಟರು. ಬರುವುದು ನಾಳೆ ಎಂದಿದ್ದರು. ನಿನ್ನ ಕಾಗದಗಳೆಲ್ಲ ಮೇಜಿನ ಮೇಲೇ ಇದ್ದವು. ಷೂ ಬಿಚ್ಚಿ ಎಲ್ಲವನ್ನೂ ನಿಂತುಕೊಂಡೇ ಓದಿದರು. ಲಾರಿಯ ನಂಬರು ಓದಿಸಿದ್ದು, ಹೇಳ್ತಾ ಇರು ಎನ್ನುವುದು, ಮುಖ ನೋಡದೆ ಕಿವಿ ನೋಡುವುದು, ಎಲ್ಲ. ಆಮೇಲೆ, "ಇವನ ಕಣ್ಣಿಗೆ ಏನೂ ಆಗಿಲ್ಲ ಕಣೇ. ಆ ಲಾರಿ ಓಡಿಸ್ತಿರೋನಿಗೆ ಕಣ್ಣಿಲ್ಲ. ಹಳಬ ಯಾವನಾದ್ರೂ ಕೂತಿದ್ರೆ ಒಂದೇ ದಿನಕ್ಕೆ ಕಂಡುಹಿಡೀತಿದ್ದ. ಅದಕ್ಕೇ ಹೊಸಬನ್ನ ಹಿಡ್ಕೊಂಡಿದ್ದಾನೆ" ಎಂದರು.

ಕಾಗದಗಳನ್ನು ಮಡಿಸಿಟ್ಟು ನನ್ನ ಕಡೆ ತಿರುಗಿದರು.

"ನಿನ್ ತಮ್ಮ ಲಾರಿ ಕೆಲಸಕ್ಕೆ ಹೋಗಿರೋದು ನಂಗ್ಯಾಕೆ ಹೇಳ್ಲಿಲ್ಲ? ನನ್ ಪಕ್ಕದ ಸೀಟು ಎಷ್ಟೋ ತಿಂಗಳಿಂದ ಖಾಲಿ ಬಿದ್ದಿದೆಯಲ್ಲೇ!"

ಹೌದು. ನಾನು ಅವರನ್ನು ಕೇಳಲೇ ಇಲ್ಲ. ಮ್ಯಾನೇಜರ ಕಡೆಯವನೂ ಸುಳ್ಳು, ಬೆನ್ನುನೋವೂ ಸುಳ್ಳು. ನೀವಿಬ್ಬರೂ ಒಂದು ಕ್ಯಾಬಿನ್ನಿನಲ್ಲಿ ಕೂತ ಚಿತ್ರ ಕಣ್ಣಿಗೆ ಬಂದರೆ ನನಗೆ ಆ ದಿನ ನೆನಪಾಗುತ್ತದೆ. ಅಪ್ಪ, ದೊಡ್ಡಣ್ಣನ ಸುದ್ದಿ ತಂದವನು ಬಾಗಿಲು ತಟ್ಟಿದ್ದು ಒಂದೇ ಸಲ, ಹೇಳಿದ್ದು ಇಬ್ಬರ ಸುದ್ದಿ. ನೀನಾಗ ಚಿಕ್ಕವನು, ಹಿತ್ತಲಲ್ಲಿದ್ದೆ. ಬಾಗಿಲು ತೆಗೆದವಳು ನಾನು. ನನಗೆ ಉಳಿದಿರುವುದೂ ಇಬ್ಬರೇ. ಒಬ್ಬರ ಕಡೆಯಿಂದ ಕೆಟ್ಟ ಸುದ್ದಿ ಬಂದರೆ ಇನ್ನೊಬ್ಬರ ಹೆಗಲಾದರೂ ಇರಲಿ ಎಂದು ಲೆಕ್ಕ ಹಾಕಿದೆ. ಕೆಲಸ ಸಿಗದೆ ನೀನು ಮನೆಗೆ ಬರುತ್ತೀಯ ಎಂದುಕೊಂಡೆ. ನಿನ್ನನ್ನು ಕಾಪಾಡಲು ಹೋಗಿ ಕುರುಡನ ಪಕ್ಕದಲ್ಲಿ ಕೂರಿಸಿದೆ.

ನಿನ್ನ ಭಾವ ಒಂದು ಮಾತೂ ಬೈಯಲಿಲ್ಲ. ಬಿಚ್ಚಿದ ಷೂಗಳನ್ನು ಮತ್ತೆ ಹಾಕಿಕೊಂಡು ನಿನ್ನನ್ನು ಹುಡುಕಲು ಹೊರಟರು.

ಎಲ್ಲಿದ್ದರೂ ಇಳಿದುಬಿಡು. ಚೀಲ ಬಿಟ್ಟು ಇಳಿದರೂ ಪರವಾಗಿಲ್ಲ. ಭಾವನ ಪಕ್ಕದಲ್ಲೇ ಕೂರುವೆಯಂತೆ. ನಾನು ಅಡ್ಡ ಬರುವುದಿಲ್ಲ.

ಅಕ್ಕ

*

ಮಾರ್ಚ್ ೧೩

ತಮ್ಮಾ,

ನಿನ್ನ ಭಾವ ಟೈರ್ ಅಂಗಡಿಯಿಂದ ನಮ್ಮ ಆಸ್ಪತ್ರೆಗೆ ಫೋನು ಮಾಡಿದ್ದರು. ನನ್ನ ಕಾಗದ ಇನ್ನೂ ಮೊಳೆಯಲ್ಲೇ ಇದೆಯಂತೆ. ಗಡಿಯಾರದ ಲಾರಿ ಹೋದದ್ದು ಹೋದ ಹಾಗೇ ಇದೆಯಂತೆ. ಮೊದಲ ಸಲ ತಡವಾಗಿದೆ ಎಂದು ಯಾರ್ಡಿನವರೆಲ್ಲ ಮಾತಾಡಿಕೊಳ್ಳುತ್ತಿದ್ದಾರಂತೆ.

ಈ ಕಾಗದವೂ ಆ ಮೊಳೆಗೇ ಹೋಗುತ್ತದೆ ಎಂದು ಗೊತ್ತು. ಬರೆಯದೆ ಕೂರಲಾರೆ. ಹೊರಗೆ ಹೆಜ್ಜೆ ಸಪ್ಪಳವಾದರೆ ಎದ್ದು ಹೋಗಿ ನೋಡುತ್ತೇನೆ. ಬಾಗಿಲನ್ನು ತೆರೆದೇ ಇಟ್ಟಿದ್ದೇನೆ, ಯಾರೂ ತಟ್ಟುವುದು ಬೇಡ ಎಂದು.

ಅಕ್ಕ

*

ಮಾರ್ಚ್ ೧೫

ಅಕ್ಕಾ,

ಬದುಕಿದ್ದೇನೆ. ಮೊದಲು ನೀರು ಕುಡಿ.

ಗಡಿಯಾರದವರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಟೈರ್ ಅಂಗಡಿಗೆ ಹೋಗಿ ಬಹಳ ದಿನವಾಯಿತು, ನೀನು ಏನು ಬರೆದಿದ್ದೀಯೋ ತಿಳಿಯದು.

ಕಣ್ಣಿನ ಕಾಯಿಲೆ ನನ್ನದಲ್ಲ, ಅವರದು. ಕಾರ್ಡು ಬರೆದಾಗ ಅನುಮಾನ ಮಾತ್ರ ಇತ್ತು. ಹೊರಟ ಮೇಲೆ ಒಂದು ಸಂಜೆ ಬನ್ನು ತಿನ್ನುತ್ತಿದ್ದೆ. ಮುಂದೆ ರೈಲ್ವೆ ಗೇಟು ಮುಚ್ಚಿತ್ತು. ಇನ್ನೂ ಬೆಳಕಿತ್ತು, ಕೆಂಪು ಬಳಿದ ಅಷ್ಟು ದೊಡ್ಡ ಗೇಟು. ಬಾಯಿ ತುಂಬ ಬನ್ನಿತ್ತು, ಅವರಿಗೆ ಕಾಣದೇ ಇರುತ್ತದೆಯೇ ಎಂದು ಸುಮ್ಮನಿದ್ದೆ. ಲಾರಿ ನಿಧಾನವಾಗಲಿಲ್ಲ. ಗೇಟು ದೊಡ್ಡದಾಗುತ್ತ ಬಂತು. ಬನ್ನು ಉಗಿದು ಕಿರುಚಿದೆ. ಬಂಪರು ಗೇಟಿಗೆ ತಾಗಿ ನಿಂತಿತು, ರೈಲು ನಮ್ಮ ಮೂಗಿನ ಮುಂದೆಯೇ ಹೋಯಿತು. ರೈಲು ಹೋದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ಯಾಕೆ ಹೇಳ್ಲಿಲ್ಲ?"

ನಾನು ಚೀಲ ತೆಗೆದುಕೊಂಡು ಇಳಿದುಬಿಟ್ಟೆ. ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತಿದ್ದಾಗ ಎಂಜಿನ್ ಶುರುವಾದದ್ದು ಕೇಳಿಸಿತು. ಒಬ್ಬರೇ ಹೊರಟಿದ್ದರು. ಗೇಟಿನಾಚೆ ಪೇಟೆ, ಜನವೆಲ್ಲ ಅಂಗಡಿ ಮುಗಿಸಿ ಮನೆಗೆ ಹೋಗುವ ಹೊತ್ತು. ಓಡಿಹೋಗಿ ಬಾಗಿಲು ಹಿಡಿದು ನೇತಾಡಿ ಹತ್ತಿದೆ. "ಮುಂದೆ ತಳ್ಳುಗಾಡಿ, ಬಲಕ್ಕೆ ಹೆಂಗಸರು, ನಿಲ್ಸಿ, ನಿಲ್ಸಿ" ಎಂದು ಕೂಗುತ್ತಲೇ ಪೇಟೆ ದಾಟಿಸಿದೆ. ದಾಟಿದ ಮೇಲೆ ಕೀ ಕಿತ್ತುಕೊಂಡೆ.

ಅವರು ಜಗಳ ಮಾಡಲಿಲ್ಲ. "ರಸ್ತೆ ಎರಡು ಅಂಚೂ ಕಾಣ್ತವೆ. ನಡುವೇ ಕಾಣಲ್ಲ. ಲಾರಿ ಬಿಟ್ರೆ ನಾನ್ಯಾರು ಹೇಳು?" ಎಂದು ಮುಖ ತಿರುಗಿಸಿಕೊಂಡರು. ಅವರನ್ನು ಬೈಯಬೇಕೆಂದು ಬಾಯಿಗೆ ಬಂದದ್ದು ಅಲ್ಲೇ ಉಳಿಯಿತು. ಓಡಿಸುವುದೊಂದು ಬಿಟ್ಟು ಬೇರೇನೂ ಬಾರದು ಎಂದು ನಾನೇ ನಿನಗೆ ಬರೆದಿದ್ದೆನಲ್ಲ.

ಬೆಳಿಗ್ಗೆ ನಾನೇ ಸ್ಟೇರಿಂಗ್ ಹಿಡಿದೆ. ಹಿಂದೆ ಸಿಮೆಂಟು, ಮುಂದೆ ಘಾಟಿ. ಬೇರೆ ಯಾರನ್ನಾದರೂ ಕರೆಸಿ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ, ವಿಷಯ ಯಾರ್ಡಿಗೆ ಮುಟ್ಟುತ್ತದೆ ಎಂಬ ಭಯ. ನನಗೂ ಒಂದು ಜಂಬ ಇತ್ತೇನೋ. ಮೊದಲ ತಿರುವಿನಲ್ಲೇ ಅದು ಇಳಿಯಿತು. ಮಂಜು ಕವಿದಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಮೋಟುಗೋಡೆ, ಅದರಾಚೆ ಏನೂ ಇಲ್ಲ. ಲಾರಿ ನನ್ನ ಮಾತು ಕೇಳದೆ ತಾನೇ ಇಳಿಯತೊಡಗಿತು. ಬ್ರೆಡ್ಡಿನ ವ್ಯಾನಿನ ಬುದ್ಧಿ ನೋಡು, ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟೆ. ಸುಟ್ಟ ವಾಸನೆ ಬಂತು. ಕಾಲಡಿ ಬ್ರೇಕು ಮೆತ್ತಗಾಯಿತು.

"ಕಾಲು ತೆಗಿ! ಬ್ರೇಕು ಸಾಯ್ಸಿಬಿಟ್ರೆ ನಾವೂ ಸಾಯ್ತೀವಿ. ಒಂದೇ ಸಲ ಗಟ್ಟಿಯಾಗಿ ಒತ್ತಿ, ಗೇರು ಇಳ್ಸು, ಬಿಡು. ಹತ್ತೋವಾಗ ಹಾಕೋ ಗೇರಲ್ಲೇ ಇಳೀಬೇಕು" ಎಂದರು.

ಕಾಲು ತೆಗೆಯುವುದು ಎಷ್ಟು ಕಷ್ಟ ಗೊತ್ತಾ ಅಕ್ಕ? ಅಮ್ಮನನ್ನು ನೆನೆದುಕೊಂಡು ತೆಗೆದೆ. ಗೇರು ಕಿರುಚಿಕೊಂಡು ಬಿತ್ತು. ಎಂಜಿನ್ ಒಡೆದುಹೋಗುವ ಹಾಗೆ ಕೂಗತೊಡಗಿತು.

"ಕೂಗ್ಲಿ ಬಿಡು. ಅದು ಕೂಗ್ತಿರೋವರ್ಗೂ ನಾವು ಬದುಕಿದ್ದೀವಿ. ಈಗ ಹೇಳು, ಏನು ಕಾಣ್ತಿದೆ?"

"ಏನೂ ಕಾಣ್ತಿಲ್ಲ ಉಸ್ತಾದ್! ನಡುವೆ ಬರೀ ಬಿಳಿ!"

"ಅಂಚು?"

"ಅಂಚು ಕಾಣ್ತಿದೆ."

"ಹಂಗಾದ್ರೆ ನಡು ಬಿಡು. ಅಂಚು ನೋಡ್ಕೊಂಡು ನಡಿ. ನಾನೂ ಹಿಂಗೇ ಓಡ್ಸಿರೋದು."

ಹಾಗೆಯೇ ಇಳಿದೆವು. ನಾನು ಅಂಚು ನೋಡುತ್ತ, ಅವರು ಕಣ್ಣು ಮುಚ್ಚಿ ಎಂಜಿನ್ ಕೇಳುತ್ತ. "ಈಗ ಒತ್ತು. ಬಿಡು. ತಿರುವು ಬಂತು, ಸದ್ದು ಬಂಡೆಗೆ ಬಡೀತಿದೆ." ಮೈಯೆಲ್ಲ ಬೆವರು, ಚಳಿಗೆ ಹಲ್ಲು ಕಟಕಟ. ಕೆಳಗೆ ಸಮತಟ್ಟು ಸಿಕ್ಕಾಗ ಲಾರಿ ನಿಲ್ಲಿಸಿ ವಾಂತಿ ಮಾಡಿಕೊಂಡೆ. ಅವರು ನನ್ನ ಬೆನ್ನು ಸವರುತ್ತ ನಿಂತಿದ್ದರು. ಅಂಥ ಗುರು ನನಗೆ ಇನ್ನು ಸಿಗಲಾರರು. ಅವರ ಪಕ್ಕ ಇನ್ನೊಂದು ದಿನವೂ ಕೂರಲಾರೆ.

ಬಂದರಿನಲ್ಲಿ ದಿನಗಟ್ಟಲೆ ಸರದಿ ಕಾದು ಲೋಡು ಇಳಿಸಿ, ನೇರ ಅವರ ಮನೆಗೇ ಲಾರಿ ತಂದು ಅವರ ಹೆಂಡತಿಯ ಕೈಗೆ ಕೀ ಕೊಟ್ಟು ಎಲ್ಲ ಹೇಳಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ನಿಂಗಿಂತ ಮುಂಚೆ ಬಂದೋರೆಲ್ಲ ಸುಮ್ನೆ ಓಡಿಹೋದ್ರಪ್ಪ. ಬಾಯಿಬಿಟ್ಟು ಹೇಳ್ದೋನು ನೀನೇ" ಎಂದು ಕೀಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ಅವರು ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ.

ಇನ್ನೊಂದು ಮಾತು. ನೀನು ಭಾವನನ್ನು ಕೇಳಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ನಿಜ ಹೇಳುವಾಗ ನೀನು ಎರಡು ಸಾಲು ಬರೆಯುತ್ತೀಯ, ಆ ಸಲ ಪುಟಗಟ್ಟಲೆ ಬರೆದಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ. ಭಾವನ ಪಕ್ಕ ಕೂರಲು ನನಗೂ ಭಯವೇ ಇತ್ತು. ಅಪ್ಪ, ದೊಡ್ಡಣ್ಣನ ಸುದ್ದಿ ಬಂದ ದಿನ ನಾನು ಹಿತ್ತಲಲ್ಲಿದ್ದೆ, ಆದರೆ ಬಾಗಿಲು ತೆಗೆದಾಗ ನೀನು ಕೂಗಿದ್ದು ಅಲ್ಲಿಯವರೆಗೂ ಕೇಳಿಸಿತ್ತು. ನಿನ್ನ ಮನೆಗೆ ಎರಡು ಸುದ್ದಿ ಒಟ್ಟಿಗೆ ತರುವವನು ನಾನಾಗಬಾರದು ಎಂದು ಕಣ್ಣು ಮುಚ್ಚಿಕೊಂಡು ಅಪರಿಚಿತರ ಲಾರಿ ಹತ್ತಿದೆ.

ನಾಳೆ ಟೈರ್ ಅಂಗಡಿಗೆ ಹೋಗುತ್ತೇನೆ.

ನಿನ್ನ ತಮ್ಮ

*

ಏಪ್ರಿಲ್ ೨

ನಿಮ್ಮಿಬ್ಬರಿಗೂ,

ನೀವಿಬ್ಬರೂ ಒಂದೇ ಲಾರಿಯಲ್ಲಿ ಹೊರಟ ಮೇಲೆ ಇದು ಮೊದಲ ಕಾಗದ. ನಿಮ್ಮ ಕಂಪನಿಯ ಬಂದರಿನ ಆಫೀಸಿಗೆ ಕಳಿಸುತ್ತಿದ್ದೇನೆ, ಘಾಟಿ ಇಳಿದ ಮೇಲೆ ಅಲ್ಲೇ ಸಿಗುತ್ತದೆ ಎಂದು ಹೇಳಿದ್ದಿರಲ್ಲ.

ಆವತ್ತು ಬೀದಿಯ ಕೊನೆಯವರೆಗೆ ಬಂದೆ. ತಮ್ಮಾ, ನಿನ್ನ ಭಾವ ಕನ್ನಡಿ ಒರೆಸುತ್ತಿದ್ದರು, ನೀನು ಎರಡನೇ ಸೀಟಿನಿಂದ ಮಗುವಿನ ಹಾಗೆ ಕೈ ಬೀಸುತ್ತಿದ್ದೆ. ಹಲ್ಲು ಬಿಟ್ಟುಕೊಂಡು ಕೂತಿದ್ದೆ ಪೆದ್ದ. ನಾನೂ ನಕ್ಕೆ. ಲಾರಿ ತಿರುಗಿ ಮರೆಯಾದ ಮೇಲೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಓಡಿಬಂದು ನಿಮ್ಮಲ್ಲಿ ಒಬ್ಬರನ್ನು ಎಳೆದು ಇಳಿಸಿಬಿಡಬೇಕು ಎನ್ನಿಸಿತ್ತು. ಯಾರನ್ನು ಇಳಿಸಲಿ ಎಂದು ತೀರ್ಮಾನವಾಗಲಿಲ್ಲ, ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ.

ಗಾಡಿ ಗಟ್ಟಿ, ಓಡಿಸುವವರಿಗೆ ಕಣ್ಣಿದೆ, ಪಕ್ಕದಲ್ಲಿ ಕೂತವನು ಘಾಟಿ ಇಳಿದು ಬಂದವನು. ಲಾಂಡ್ರಿಯಲ್ಲಿ ಬಟ್ಟೆ ಹಿಂಡುತ್ತ ಇದನ್ನೇ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬುದ್ಧಿ ಒಪ್ಪುತ್ತದೆ, ಹೊಟ್ಟೆ ಒಪ್ಪುವುದಿಲ್ಲ. ಮಲಗಿದರೆ ಕಿವಿ ಬಾಗಿಲಲ್ಲೇ ಇರುತ್ತದೆ. ಭಯ ಹೋಯಿತು ಎಂದು ಸುಳ್ಳು ಬರೆದರೆ ಪುಟಗಟ್ಟಲೆ ಆಗುತ್ತದೆ, ತಮ್ಮನಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ನಿಜ ಬರೆದಿದ್ದೇನೆ.

ಅಂಚೆ ಕಚೇರಿಯಿಂದ ಅಭ್ಯಾಸಬಲದಿಂದ ಎರಡು ಲಕೋಟೆ ತಂದಿದ್ದೆ, ನಿನ್ನ ಭಾವನಿಗೊಂದು, ನಿನಗೊಂದು. ಒಂದೇ ಸಾಕಾಯಿತು. ಇನ್ನೊಂದು ಮೇಜಿನ ಮೇಲೆ ಖಾಲಿ ಬಿದ್ದಿದೆ, ನೋಡಲು ಆಗದೆ ಅದರ ಮೇಲೆ ತಟ್ಟೆ ಮುಚ್ಚಿದ್ದೇನೆ.

ಬಂದರು ಮುಟ್ಟಿದ ಕೂಡಲೇ ಬರೆಯಿರಿ. ಇಬ್ಬರೂ ಬರೆಯಬೇಕು, ಅವರವರ ಕೈಯಿಂದಲೇ. ಒಬ್ಬರು ಬರೆದು ಇನ್ನೊಬ್ಬರ ಪರವಾಗಿ "ಕ್ಷೇಮ" ಎಂದು ಸೇರಿಸಿದರೆ ನಾನು ನಂಬುವುದಿಲ್ಲ.

ಅಕ್ಕ